ಗೇಟಿಲ್ಲದ ನೀರು

ರಂಗಂಪೇಟೆ ದಾಟಿ ಮುಂದೆ ಹೋದರೆ, ಕಾಲುವೆ ಸಣ್ಣಗಾಗುತ್ತ ಸಣ್ಣಗಾಗುತ್ತ ಕಡೆಗೆ ಒಂದು ತೋಡಾಗಿ ಮುಗಿಯುವ ಕಡೆ, ಕುರಿಗಾರರ ಓಣಿಯೊಂದಿದೆ. ಆ ಓಣಿಯ ಬಾಲಮ್ಮ ಪೋರ್ಚುಗಲ್ ದೇಶದ ದಕ್ಷಿಣದ ಕಡಲತಡಿಯನ್ನು ಕಣ್ಣಾರೆ ನೋಡಿ ಬಂದವಳು. ಈ ಮಾತು ಹೇಳಿದರೆ ಸುರಪುರದ ಹೋಟೆಲ್ಲಿನಲ್ಲಿ ಚಹಾ ಕುಡಿಯುವವರು ಈಗಲೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ನಗಲಿ ಬಿಡಿ. ಗೋವಾಕ್ಕೆ ಹೋಗಿ ಅಲೆಗೆ ಬೆನ್ನು ಮಾಡಿ ಫೋಟೊ ಹೊಡೆಸಿಕೊಂಡು ಬಂದವನು ವರ್ಷಗಟ್ಟಲೆ ಅದನ್ನೇ ಕುಟ್ಟಿದರೂ ಕಿವಿಗೊಟ್ಟು ಕೇಳುವ ಜನ, ಕುರಿಯವರ ಹೆಣ್ಣುಮಗಳು ವಿಮಾನ ಹತ್ತಿದಳು ಅಂದಕೂಡಲೇ ಮೂಗು ಮುರಿಯುತ್ತಾರೆ. ಬಾಲಮ್ಮ ಇದನ್ನು ತಲೆಗೆ ಹಚ್ಚಿಕೊಂಡವಳಲ್ಲ.

ಅವಳ ತವರು ಶಹಾಪುರದ ಕಡೆ. ಬೀರಣ್ಣನ ಕೈಹಿಡಿದು ಈ ಓಣಿಗೆ ಬಂದಾಗ ಕಾಲುವೆ ಬರೀ ಅಗೆದು ಹಾಕಿದ ಮಣ್ಣಿನ ದಿಬ್ಬವಾಗಿತ್ತು. ನಾರಾಯಣಪುರದಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿ ಮುಗಿದಿತ್ತು. ಮೇಲಿನ ಊರುಗಳಿಗೆಲ್ಲ ನೀರು ಹರಿದಿತ್ತು. ಈ ಕೊನೆಯ ಊರಿಗೆ ಮಾತ್ರ ಇವತ್ತು ಬಂತು, ನಾಳೆ ಬಂತು ಅನ್ನುತ್ತ ಅವಳ ಮಗಳು ರೇಣಮ್ಮ ಹುಟ್ಟಿ, ಅಂಬೆಗಾಲಿಟ್ಟು, ನಡೆಯಲೂ ಕಲಿತಿದ್ದಳು. ಕಡೆಗೊಂದು ದಿನ ಕೆಂಪು ನೀರು ಕಸಕಡ್ಡಿ ನೂಕಿಕೊಂಡು ಬಂದಾಗ ಇಡೀ ಓಣಿ ಕೆಲಸ ಬಿಟ್ಟು ದಂಡೆಗೆ ಓಡಿತ್ತು.

ನೀರು ಹೊಲದವರಿಗೆ ಬಂಗಾರವಾಯಿತು. ಕುರಿಯವರಿಗೆ ಅದು ಅಷ್ಟು ಸರಳವಾಗಿರಲಿಲ್ಲ. ಜೋಳ, ಸಜ್ಜೆ ಬೆಳೆಯುತ್ತಿದ್ದ ನೆಲವೆಲ್ಲ ಭತ್ತದ ಗದ್ದೆಯಾಯಿತು. ಕುರಿ ಮೇಯುತ್ತಿದ್ದ ಬೀಳುಗಳು ಮಾಯವಾದವು. ಕೆಸರಿನಲ್ಲಿ ನಿಂತರೆ ಉಣ್ಣೆಯ ಕರಿ ಕುರಿಗೆ ಕಾಲು ಕೊಳೆಯುತ್ತದೆ. ಒಬ್ಬೊಬ್ಬರೇ ಕರಿ ಕುರಿ ಮಾರಿ ಕೆಂಗುರಿ ಕಟ್ಟಿದರು. ಕೆಂಗುರಿ ಮಾಂಸಕ್ಕೆ ಒಳ್ಳೆಯದು, ಆದರೆ ಅದರ ಮೈಮೇಲೆ ಇರುವುದು ಬರೀ ಕೂದಲು. ಉಣ್ಣೆ ಇಲ್ಲವೆಂದ ಮೇಲೆ ಕಂಬಳಿ ಎಲ್ಲಿಂದ ಬರಬೇಕು? ಓಣಿಯ ಕುಣಿಮಗ್ಗಗಳು ಒಂದೊಂದಾಗಿ ನಿಂತವು. ನೇಕಾರ ಕಾಲು ಇಳಿಬಿಟ್ಟು ಕೂಡುತ್ತಿದ್ದ ಕುಣಿಗಳಲ್ಲಿ ಕೋಳಿಗಳು ಮೊಟ್ಟೆ ಇಡತೊಡಗಿದವು.

ಬೀರಣ್ಣನೊಬ್ಬ ಮಗ್ಗ ಬಿಡಲಿಲ್ಲ. ಅವನ ಅಣ್ಣ ಮಲ್ಕಪ್ಪ ಹಟಕ್ಕೆ ಬಿದ್ದು ಉಳಿಸಿಕೊಂಡಿದ್ದ ಹತ್ತಾರು ಕರಿ ಕುರಿಗಳ ಉಣ್ಣೆಯೇ ಅವನಿಗೆ ಆಧಾರ. ಬಾಲಮ್ಮ ಉಣ್ಣೆ ಬಿಡಿಸಿ ನೂಲುತ್ತಿದ್ದಳು, ಹುಣಸೆಬೀಜ ಬೇಯಿಸಿ ನೂಲಿಗೆ ಗಂಜಿ ಹಚ್ಚುತ್ತಿದ್ದಳು. ಬೀರಣ್ಣ ನೇಯುತ್ತಿದ್ದ. ಆ ಓಣಿಯಲ್ಲಿ ಹೆಂಗಸರ ಕೆಲಸ ನೂಲಿಗೆ ಮುಗಿಯುತ್ತದೆ. ಮಗ್ಗದ ಕುಣಿಗೆ ಇಳಿಯುವವರು ಗಂಡಸರು ಮಾತ್ರ. ಬಾಲಮ್ಮನ ನೂಲು ಎಂಥದ್ದಿತ್ತು ಅಂದರೆ, ಹೊಗಳಿಕೆಯ ಮಾತೇ ಬಾರದ ಬೀರಣ್ಣ ಕೂಡ ಅದರ ಬಗ್ಗೆ ತಪ್ಪು ಆಡಿದವನಲ್ಲ. ಅವನ ಬಾಯಲ್ಲಿ ಅದು ದೊಡ್ಡ ಬಿರುದು.

ಕಾಲುವೆ ಬಂದಮೇಲೆ ಆಕೆ ನೀರಿನ ನಡತೆಯನ್ನು ಚೆನ್ನಾಗಿ ಕಲಿತಳು. ನೀರು ತಾನಾಗಿ ಬರುವುದಿಲ್ಲ, ಬಿಟ್ಟರೆ ಬರುತ್ತದೆ. ಮೇಲೆ ಯಾರೋ ಗೇಟು ಎತ್ತುತ್ತಾರೆ, ಯಾರೋ ಇಳಿಸುತ್ತಾರೆ. ಇಳಿಸಿದಾಗ ಕಾಲುವೆಯ ನೀರು ನಿಧಾನ ಹಿಂದೆ ಸರಿದು, ತಳದ ಉಸುಕು ಸಾರಿಸಿದ ಅಂಗಳದಂತೆ ಚೊಕ್ಕವಾಗಿ ಕಾಣುತ್ತದೆ. ಹೆಂಗಸರು ಅಲ್ಲಲ್ಲಿ ನಿಂತ ನೀರಿನಲ್ಲಿ ಕಂಬಳಿ ತೊಳೆದು ಅದೇ ಉಸುಕಿನ ಮೇಲೆ ಹರವುತ್ತಾರೆ. ಮುಂದಿನ ಪಾಳಿ ಬರುವತನಕ ಅಲ್ಲಿ ನೀರಿನ ಹೆಸರಿಲ್ಲ. ಬಾಲಮ್ಮ ಹಾಗೆ ಎಷ್ಟು ಕಂಬಳಿ ಒಣಗಿಸಿದ್ದಳೋ.

ರೇಣಮ್ಮನಿಗೆ ಗಂಡು ಗೊತ್ತಾದ ವರ್ಷ ಬೀರಣ್ಣ ಒಂದು ಗದ್ದುಗೆ ಕಂಬಳಿ ನೇಯ್ದ. ಮದುವೆಯಲ್ಲಿ ಮದುಮಕ್ಕಳನ್ನು ಕೂರಿಸುವ ಕರಿ ಕಂಬಳಿ ಅದು. ಅದಿಲ್ಲದೆ ಅವರಲ್ಲಿ ಅಕ್ಷತೆ ಬೀಳುವುದಿಲ್ಲ. ಹೆಣ್ಣಿನ ಮನೆಯಲ್ಲಿ ನೇಯ್ದದ್ದಾದರೆ ಅದರ ಮರ್ಯಾದೆಯೇ ಬೇರೆ. ಕಂಬಳಿ ಮಗ್ಗದಿಂದ ಇಳಿಸಿ ಸ್ವಲ್ಪ ದಿನಕ್ಕೆ ಬೀರಣ್ಣನಿಗೆ ಲಕ್ವಾ ಹೊಡೆಯಿತು. ಬಲಗೈ ಎತ್ತಲಾಗದಂತಾಯಿತು, ಬಲಗಾಲು ಎಳೆಯಬೇಕಾಯಿತು, ಮಾತು ತೊದಲತೊಡಗಿತು. ಹೀಗೆ ಮಗಳ ಗದ್ದುಗೆಯೇ ಅವನ ಕೈಯ ಕೊನೆಯ ಕೆಲಸವಾಯಿತು. ಅವನು ಮಗ್ಗದ ಕೋಣೆಯ ಕಡೆ ತಿರುಗಿ ನೋಡುವುದನ್ನೂ ಬಿಟ್ಟ.

ಅದೇ ಹೊತ್ತಿಗೆ ಯಾದಗಿರಿಯಿಂದ ಸರ್ವರಬೇಗಂ ಬಂದಳು. ಸರ್ಕಾರಿ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತಳಾಗಿ, ಕೈಕಸುಬಿನವರ ಸಂಘವೊಂದನ್ನು ನಡೆಸುತ್ತಿದ್ದ ಹೆಂಗಸು. ಪೋರ್ಚುಗಲ್ಲಿನ ಕಡಲತಡಿಯ ಊರೊಂದರಲ್ಲಿ ಬೇರೆ ಬೇರೆ ದೇಶದ ಉಣ್ಣೆ ಕೆಲಸದವರು ಸೇರುವವರಿದ್ದರು. ಬೀರಣ್ಣನನ್ನು ಕರೆದೊಯ್ಯಬೇಕೆಂದು ಆಕೆ ಮೊದಲೇ ಗೊತ್ತು ಮಾಡಿದ್ದಳು. ಈಗ ಅವನ ಸ್ಥಿತಿ ನೋಡಿ, ಬೇರೆ ಯಾರನ್ನು ಕರೆದೊಯ್ಯಲಿ ಎಂದು ಅವನನ್ನೇ ಕೇಳಿದಳು. ಬೀರಣ್ಣನೇ ಎಡಗೈಯಿಂದ ಹೆಂಡತಿಯನ್ನು ತೋರಿಸಿದ.

“ಇಕಿನ ಕರಕೊಂಡು ಹೋಗ್ರಿ ಬಾಯಾರ. ನೂಲು ಇಕಿದೇ ಅಲ್ಲೇನ್ರಿ. ಗದ್ದಿಗಿ ಕಂಬಳಿನೂ ಒಯ್ಯಲಿ. ನನ್ನ ಕೈಯಾಂದು ಒಂದು ನಾಕು ಮಂದಿ ನೋಡ್ಲಿ.”

“ಮಗಳ ಗದ್ದಿಗಿರಿ ಅದು. ಅಷ್ಟು ದೂರ ಹ್ಯಾಂಗ ಒಯ್ಯಲಿ?” ಎಂದಳು ಬಾಲಮ್ಮ.

“ಲಗ್ನಕ್ಕ ಮಾಘದ ತನಕ ಟೈಮ್ ಅದ. ಒಯ್ದು ತಿರುಗಿ ತಗೊಂಬಾ. ಅಷ್ಟಾ.”

ಒಯ್ದು ತಿರುಗಿ ತರುವುದು, ಅಷ್ಟೇ. ಆ ಮಾತು ಬಾಲಮ್ಮನ ಎದೆಯಲ್ಲಿ ಮೊಳೆ ಹೊಡೆದಂತೆ ಕೂತಿತು. ಯಾದಗಿರಿಯಲ್ಲಿ ಮುಂಬೈ ರೈಲು ಹತ್ತುವಾಗಲೂ, ವಿಮಾನದಲ್ಲಿ ಮೋಡ ಕೆಳಗೆ ಹೋದಾಗಲೂ ಕಂಬಳಿಯ ಗಂಟು ಅವಳ ತೊಡೆಯ ಮೇಲೆಯೇ ಇತ್ತು. ಮೇಲಿಡಲು ಬಂದ ವಿಮಾನದ ಹುಡುಗಿಗೆ ಆಕೆ ಗಂಟು ಕೊಡಲಿಲ್ಲ. ಸರ್ವರಬೇಗಂ ಇಂಗ್ಲಿಷಿನಲ್ಲಿ ಏನೇನೋ ಹೇಳಿ ಸಮಾಧಾನ ಮಾಡಿದಳು.

ಲಿಸ್ಬನ್ನಿನಿಂದ ಬಸ್ಸು ದಕ್ಷಿಣಕ್ಕೆ ಗುಡ್ಡ ಏರಿ ಇಳಿಯಿತು. ಇಳಿಜಾರಿನಲ್ಲಿ ಬಾಲಮ್ಮನ ಕಣ್ಣಿಗೆ ಬಿದ್ದದ್ದು ಪಾಪಾಸುಕಳ್ಳಿ. ನಮ್ಮ ಕಡೆಯ ಕಳ್ಳಿಯೇ, ಅದೇ ಮುಳ್ಳು, ಅದೇ ಕೆಂಪು ಹಣ್ಣು. ಕಲ್ಲಿನ ಮೇಲೆ ಕಲ್ಲು ಇಟ್ಟು ಕಟ್ಟಿದ ಹೊಲದ ಗೋಡೆಗಳೂ ಪರಿಚಯದವೇ. ಈ ದೇಶದಲ್ಲಿ ಬದುಕಬಹುದು ಅಂದುಕೊಂಡಳು. ಅಷ್ಟರಲ್ಲಿ ಗುಡ್ಡ ಮುಗಿದು ಎದುರಿಗೆ ನೀಲಿ ಎದ್ದು ನಿಂತಿತು. ಕೊಳ್ಳೂರಿನ ಸೇತುವೆಯ ಮೇಲಿಂದ ಮಹಾಪೂರದ ಕೃಷ್ಣೆಯನ್ನು ನೋಡಿದವಳು ಆಕೆ. ದೊಡ್ಡ ನೀರು ಅಂದರೇನೆಂದು ತನಗೆ ಗೊತ್ತು ಅಂದುಕೊಂಡಿದ್ದಳು.

“ಬಾಯಾರ, ಇದರ ಆಚಿ ದಂಡಿ ಎಲ್ಲದರಿ?”

“ಆಚಿ ದಂಡಿ ಕಾಣಂಗಿಲ್ಲ ಬೇ. ಸಮಂದರ್ ಅಂದ್ರ ಹಂಗಾ,” ಎಂದ ಸರ್ವರಬೇಗಂಳ ಧ್ವನಿಯೂ ಸಣ್ಣಗಾಗಿತ್ತು. ಮುಂಬೈಯನ್ನು ರಾತ್ರಿ ದಾಟಿದ್ದರಿಂದ ಆಕೆಯೂ ಅವತ್ತೇ ಮೊದಲು ಕಡಲು ಕಂಡದ್ದು.

ಅವರು ಇಳಿದುಕೊಂಡದ್ದು ಗ್ರಾಸಿಂದಾ ಎಂಬವಳ ಮನೆಯಲ್ಲಿ. ಆಕೆಯೂ ಕಂಬಳಿ ನೇಯುವವಳು, ಗಂಡ ಮೀನುಗಾರ. ದಪ್ಪ ಮೈ, ದೊಡ್ಡ ನಗೆ, ಬಂದವರ ತಟ್ಟೆ ಖಾಲಿಯಾಗಲು ಬಿಡದ ಜಾತಿ. ಮನೆಯ ಗೋಡೆ ಹಾಲಿನಷ್ಟು ಬಿಳಿ, ಬಾಗಿಲಿಗೆ ನೀಲಿ ಪಟ್ಟಿ. ಮಾಳಿಗೆಯ ಮೇಲಿನ ಹೊಗೆಗೂಡಿಗೆ ಜಾಲಂದರದ ಹಾಗೆ ತೂತು ತೂತಿನ ಕುಸುರಿ. ಹೊಗೆ ಹೋಗುವ ದಾರಿಗೂ ಇಷ್ಟು ಸಿಂಗಾರ ಮಾಡುವ ಜನರನ್ನು ಬಾಲಮ್ಮ ಕಂಡಿರಲಿಲ್ಲ. ಈ ಸೀಮೆಯ ಹೆಸರು ಅಲ್ಗಾರ್ವ್, ಹಿಂದೆ ಅರಬರು ಆಳಿದ ಕಾಲದಲ್ಲಿ ಪಡುವಣ ನಾಡು ಎಂಬ ಅರ್ಥದಲ್ಲಿ ಇಟ್ಟದ್ದು ಎಂದು ಗ್ರಾಸಿಂದಾ ಹೇಳಿದಾಗ ಸರ್ವರಬೇಗಂಗೆ ಹೋದಲ್ಲೆಲ್ಲ ತನ್ನ ಮನೆಯವರೇ ಸಿಕ್ಕಷ್ಟು ಖುಷಿಯಾಯಿತು.

ಜಮಾವಣೆಯಲ್ಲಿ ಬೀರಣ್ಣನ ಕಂಬಳಿಯನ್ನು ಗೋಡೆಗೆ ತೂಗುಹಾಕಿದರು. ಬಂದವರೆಲ್ಲ ಮುಟ್ಟಿದರು, ಹಿಂದೆ ಮುಂದೆ ತಿರುಗಿಸಿದರು, ಕೆನ್ನೆಗೆ ಒತ್ತಿಕೊಂಡರು. ಗ್ರಾಸಿಂದಾ ಅದರ ಅಂಚಿನ ಮೇಲೆ ಬೆರಳು ಎಳೆದು, ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೂ ಕೂದಲೆಳೆಯಷ್ಟು ಆಚೀಚೆಯಾಗದ ನೇರ ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡಳು. ಬಾಲಮ್ಮನಿಗೆ ಆ ಹೊತ್ತಿಗೆ ಗಂಡ ಎದುರಿಗಿದ್ದಿದ್ದರೆ ಅನ್ನಿಸಿತು. ಅವನ ಹಳೆಯ ಹಟ, ಮುಂಗೋಪ, ಮಾತಾಡದೆ ತಿರುಗುವ ದಿನಗಳು ಎಲ್ಲವನ್ನೂ ಅಲ್ಲಿಯೇ ಕ್ಷಮಿಸಿಬಿಟ್ಟಳು.

ಕೂಟ ಮುಗಿದ ಮೇಲೆ ಗ್ರಾಸಿಂದಾ ಇಬ್ಬರನ್ನೂ ಊರು ತೋರಿಸಲು ಹೊರಡಿಸಿದಳು. ಕಡಲತಡಿಯೆಂದರೆ ಉಸುಕು ಮತ್ತು ನೀರು ಅಂತ ತಿಳಿದವರು ಅಲ್ಲಿಗೆ ಹೋಗಿ ನೋಡಬೇಕು. ಅಲ್ಲಿ ನೆಲ ಇಳಿಜಾರಾಗಿ ನೀರಿಗೆ ಸೇರುವುದಿಲ್ಲ, ಕೊಡಲಿಯಿಂದ ಕಡಿದಂತೆ ನಿಲ್ಲುತ್ತದೆ. ಅರಿಸಿನ, ಕಾವಿ, ಹುರಿಗಡಲೆ ಬಣ್ಣದ ಪದರ ಪದರದ ಗೋಡೆ, ಅದರ ಬುಡದಲ್ಲಿ ತೊಟ್ಟಿಲಷ್ಟು ಪುಟ್ಟ ಪುಟ್ಟ ಉಸುಕಿನ ಅಂಗಳಗಳು. ಗೋಡೆಯಿಂದ ಬಿಡಿಸಿಕೊಂಡ ಬಂಡೆಗಳು ನೀರಿನ ನಡುವೆ ಒಂಟಿಯಾಗಿ ನಿಂತಿದ್ದವು, ಒಂದೊಂದರ ತುದಿಯಲ್ಲೂ ಕೊಕ್ಕರೆಯ ಗೂಡು. ಅಲೆ ಅಷ್ಟು ಎತ್ತರಕ್ಕೆ ಹಾರಿ ಬಿದ್ದರೂ ಕೊಕ್ಕರೆ ಮರಿಗೆ ಗುಟುಕು ಕೊಡುವುದನ್ನು ನಿಲ್ಲಿಸದೆ ಇದ್ದದ್ದು ಬಾಲಮ್ಮನಿಗೆ ಬಹಳ ಹಿಡಿಸಿತು.

ಉಸುಕಿನ ಮೇಲೆ ಜನ ಅರೆಬರೆ ಬಟ್ಟೆಯಲ್ಲಿ ಅಂಗಾತ ಮಲಗಿದ್ದರು. ಸರ್ವರಬೇಗಂ ತಲೆಯ ಸೆರಗು ಮುಂದೆ ಎಳೆದುಕೊಂಡು ನೆಲ ನೋಡುತ್ತ ನಡೆದಳು. ಬಾಲಮ್ಮ ನೆಟ್ಟಗೆ ನೋಡಿದಳು.

“ಇವರಿಗೇನು ಆಗ್ಯಾದರಿ? ನಮ್ಮ ಕಡಿ ಮಂದಿ ಬಿಸಲಿಗಿ ಹೆದರಿ ಬೇವಿನ ಗಿಡದ ಬುಡಕ್ಕ ಓಡತಾರ. ಇವರು ಬಿಸಲ ಉಣ್ಣಾಕ ಬಂದಾರ.”

“ಇವರಿಗಿ ವರ್ಷದಾಗ ಬಿಸಲ ಕಮ್ಮಿ ಬೇ. ದೂರ ದೂರದಿಂದ ಬರತಾರಂತ.”

“ಹಂಗಾರ ಮೇ ತಿಂಗಳದಾಗ ನಮ್ಮ ಸುರಪುರಕ್ಕ ಕಳಸ್ರಿ. ಪುಕ್ಕಟ ಉಣ್ಣಲಿ.” ಅವಳ ಮಾತನ್ನು ಸರ್ವರಬೇಗಂ ಇಂಗ್ಲಿಷಿನಲ್ಲಿ ಹೇಳಿದಾಗ ಗ್ರಾಸಿಂದಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಭೂಮಿ ಮುಗಿಯುವ ಮೂಲೆಗೂ ಹೋದರು. ಅಲ್ಲೊಂದು ದೀಪಸ್ತಂಭ, ಸುತ್ತ ಗಾಳಿ ಬಿಟ್ಟರೆ ಇನ್ನೇನಿಲ್ಲ. ಬಾಲಮ್ಮ ಸೆರಗು ಸೊಂಟಕ್ಕೆ ಬಿಗಿದು ತುದಿಯವರೆಗೂ ನಡೆದಳು. ಜೊತೆಗೆ ಬಂದವರಿಬ್ಬರೂ ಗಾಳಿಗೆ ಹೆದರಿ ಕಾರಿನಲ್ಲಿ ಕೂತಿದ್ದರೆ ಈಕೆ ನಿಂತೇ ಇದ್ದಳು. ಆಮೇಲೆ ಹಿಂದೆ ಬಂದು, ಬೀರಣ್ಣನಿಗೆ ಇದನ್ನು ಹೇಗೆ ಹೇಳುವುದೋ ತಿಳಿಯುತ್ತಿಲ್ಲ ಎಂದಳು. ಸುಟ್ಟ ಬೂತಾಯಿ ಮೀನನ್ನು ರೊಟ್ಟಿಯ ಮೇಲಿಟ್ಟು ಕೈಯಲ್ಲೇ ತಿನ್ನುವುದು, ಚಾಪೆಯ ಮೇಲೆ ಒಣಗಿಸಿದ ಅಂಜೂರದೊಳಗೆ ಬಾದಾಮಿ ತುರುಕಿ ತಿನ್ನುವುದು, ಇವೆರಡನ್ನೂ ಆಕೆ ಒಂದೇ ದಿನದಲ್ಲಿ ಕಲಿತಳು.

ಇನ್ನೊಂದು ದಿನ ಉಪ್ಪಿನ ಮಡಿಗಳಿಗೆ ಹೋದರು. ಗದ್ದೆಯ ಹಾಗೆ ಬದು ಕಟ್ಟಿದ ಮಡಿಗಳು, ಅವುಗಳಲ್ಲಿ ಕಡಲ ನೀರು, ನೀರಿನಲ್ಲಿ ಉದ್ದ ಕಾಲಿನ ಗುಲಾಬಿ ಹಕ್ಕಿಗಳ ಹಿಂಡು. ಹಕ್ಕಿಗಿಂತ ಹೆಚ್ಚು ಬಾಲಮ್ಮ ನೋಡಿದ್ದು ಮಡಿಯಿಂದ ಮಡಿಗೆ ನೀರು ಬಿಡುವ ಮರದ ಪುಟ್ಟ ಗೇಟುಗಳನ್ನು. ಒಬ್ಬ ಮುದುಕ ಹಲಗೆ ಎತ್ತಿದ, ನೀರು ಬಂತು. ಹಲಗೆ ಇಳಿಸಿದ, ನಿಂತಿತು. ಬಾಲಮ್ಮನಿಗೆ ಬಂದ ದಿನದಿಂದ ಇದ್ದ ಒಂದು ಅಂಜಿಕೆ ಕಳೆಯಿತು. ಇಷ್ಟು ದೊಡ್ಡ ನೀರಿಗೂ ಹೇಳುವವರು ಕೇಳುವವರು ಇದ್ದಾರೆ ಅಂದುಕೊಂಡಳು.

ಕೊನೆಯ ದಿನ ಗ್ರಾಸಿಂದಾ ಅವರನ್ನು ಕರೆದೊಯ್ದದ್ದು ಒಂದು ಮೀನುಗಾರರ ಊರಿನ ಬೀಚಿಗೆ. ನೀರಿನ ಕಣ್ಣುಗಳು ಎಂಬುದು ಆ ಊರ ಹೆಸರಿನ ಅರ್ಥ. ಬೆಳಗ್ಗೆ ಹೋದಾಗ ಬಂಡೆಗಳವರೆಗೂ ನೀರಿತ್ತು. ಹೊತ್ತು ಏರಿದಂತೆ ನೀರು ಹಿಂದೆ ಹಿಂದೆ ಸರಿದು ನುಣ್ಣನೆಯ ಹಸಿ ಉಸುಕು ತೆರೆದುಕೊಂಡಿತು. ಆ ಉಸುಕಿನಲ್ಲಿ ಅಲ್ಲಲ್ಲಿ ಗುಳುಗುಳು ಅನ್ನುತ್ತ ನೀರು ಉಕ್ಕುತ್ತಿತ್ತು. ಬಾಲಮ್ಮ ಬಗ್ಗಿ ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿದಳು. ಕಡಲಿನ ಅಂಗಳದಲ್ಲಿ ಸಿಹಿನೀರು!

“ವರತಿ ಅದರಿ ಬಾಯಾರ. ಬ್ಯಾಸಗ್ಯಾಗ ಹೊಳ್ಯಾಗ ಉಸುಕು ಬಗದ್ರ ಬರತದ ನೋಡ್ರಿ, ಹಂಗಾ.”

ಅಷ್ಟು ಹೊತ್ತಿಗೆ ಗ್ರಾಸಿಂದಾ ಗಂಡನಿಗೆ ದೋಣಿ ತರಲು ಹೇಳಿ ಬರಲು ಮೇಲಿನ ಬೀದಿಗೆ ಹೋಗಿದ್ದಳು. ಕಂಬಳಿಯ ಗಂಟು ಎಂದಿನಂತೆ ಬಾಲಮ್ಮನ ಕಂಕುಳಲ್ಲೇ ಇತ್ತು, ಅವಳ ಮನಸ್ಸಿನಲ್ಲಿ ಒಂದು ವಿಚಾರ ಬಂತು. ಎಷ್ಟೋ ಜನ ಮುಟ್ಟಿದ ಕಂಬಳಿಯನ್ನು ಹಾಗೆಯೇ ಗದ್ದುಗೆಗೆ ಹಾಸುವಂತಿಲ್ಲ, ಹರಿಯುವ ಸಿಹಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಬೇಕು. ಊರಿಗೆ ಹೋಗುವ ಹೊತ್ತಿಗೆ ಕಾಲುವೆಯಲ್ಲಿ ಗದ್ದೆಯ ಗೊಬ್ಬರ, ಹುಳಕ್ಕೆ ಹೊಡೆದ ಎಣ್ಣೆಯ ನೀರೇ ಇರುತ್ತದೆ. ಇಲ್ಲಿ ನೆಲದ ಕಣ್ಣಿನಿಂದಲೇ ಕನ್ನಡಿಯಂಥ ನೀರು ಬರುತ್ತಿದೆ. ಮಗಳ ಗದ್ದುಗೆಗೆ ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಗಬೇಕು?

“ನೀರು ತಿರುಗಿ ಬಂದ್ರ?” ಎಂದು ಸರ್ವರಬೇಗಂ ಒಮ್ಮೆ ಕೇಳಿದಳು ನಿಜ.

“ಮುಂಜಾನಿಂದ ನೋಡಾಕತ್ತೇನ್ರಿ. ಮ್ಯಾಲ ಗೇಟ್ ಇಳಿಸ್ಯಾರ. ಒಮ್ಮಿ ನಿಂತ್ರ ಮುಂದಿನ ಪಾಳಿ ತನಕ ಬರಂಗಿಲ್ಲ.”

ಇಷ್ಟು ಗಟ್ಟಿಯಾಗಿ ಹೇಳಿದವರ ಮುಂದೆ ಯಾರು ವಾದ ಮಾಡುತ್ತಾರೆ? ಮಕ್ಕಳಿಗೆ ಭರತ ಇಳಿತದ ಪಾಠವನ್ನು ವರ್ಷ ವರ್ಷ ಬೋರ್ಡಿನ ಮೇಲೆ ಚಂದ್ರನ ಚಿತ್ರ ಬರೆದು ಹೇಳಿಕೊಟ್ಟ ಸರ್ವರಬೇಗಂಗೆ, ಆ ಪಾಠವೇ ಕಾಲ ಬುಡದಲ್ಲಿ ನಡೆಯುತ್ತಿದೆ ಅಂತ ಹೊಳೆಯಲಿಲ್ಲ. ಆಕೆ ಸೆರಗು ಕಟ್ಟಿ ಕಂಬಳಿಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ವರತೆಯ ನೀರಿನಲ್ಲಿ ಜಾಲಿಸಿ, ಹಿಂಡಿ, ಉಸುಕಿನ ಮೇಲೆ ಹರವಿ, ನಾಲ್ಕೂ ಮೂಲೆಗೆ ಕಲ್ಲಿಟ್ಟರು. ದೂರದಲ್ಲಿ ಬಲೆ ಹೆಣೆಯುತ್ತಿದ್ದ ಮುದುಕನೊಬ್ಬ ಎದ್ದು ನಿಂತು, ಏನೋ ಕೂಗಿ, ಎರಡೂ ಕೈ ಕಡಲಿನಿಂದ ದಂಡೆಯ ಕಡೆ ಬೀಸಿದ. ಕಂಬಳಿ ಮೆಚ್ಚಿದ್ದಾನೆ ಅಂದುಕೊಂಡು ಬಾಲಮ್ಮ ಕೈಮುಗಿದಳು. ಮೇಲಿನಿಂದ ಗ್ರಾಸಿಂದಾ ಕರೆದದ್ದೇ ಇಬ್ಬರೂ ದೋಣಿಗೆ ಹೊರಟರು.

ದೋಣಿ ಅವರನ್ನು ಗೋಡೆಯೊಳಗಿನ ಗುಹೆಗಳಿಗೆ ಒಯ್ದಿತು. ಬಾಲಮ್ಮ ಜೀವಮಾನದಲ್ಲಿ ಕಂಡ ಚೆಲುವಿನಲ್ಲಿ ಅದೇ ದೊಡ್ಡದು. ಕಮಾನಿನ ಕೆಳಗೆ ತಲೆ ತಗ್ಗಿಸಿ ಒಳಗೆ ಹೋದರೆ ಗುಂಬಜದಂಥ ಹಜಾರ, ಮೇಲೆ ದುಂಡನೆಯ ಬೆಳಕಿಂಡಿ, ಅಲ್ಲಿಂದ ಇಳಿದ ಬಿಸಿಲು ಉಸುಕಿನ ಮೇಲೆ ಬಿದ್ದು ಇಡೀ ಗುಹೆ ಜೇನಿನ ಬಣ್ಣಕ್ಕೆ ತಿರುಗಿತ್ತು. ನೀರು ಹಸಿರೋ ನೀಲಿಯೋ ಹೇಳುವಂತಿರಲಿಲ್ಲ. ಸರ್ವರಬೇಗಂ “ಸುಬ್ಹಾನಲ್ಲಾ” ಅಂದಳು. ಬಾಲಮ್ಮ ತಮ್ಮ ಕುಲದೇವರು ಬೀರಪ್ಪನನ್ನು ನೆನೆದಳು. ಇದನ್ನು ಯಾರೂ ಕಟ್ಟಿದ್ದಲ್ಲ, ನೀರೇ ಕೊರೆದದ್ದು ಎಂದು ಗ್ರಾಸಿಂದಾ ಹೇಳಿದಾಗ ಅವಳಿಗೆ ನೀರಿನ ಮೇಲೆ ಹೊಸ ಗೌರವ ಹುಟ್ಟಿತು.

ತಿರುಗಿ ಬಂದಾಗ ಬೀಚು ಇರಲಿಲ್ಲ. ಹೊರಡುವಾಗ ಓಡಾಡಿದ ಅಂಗಳದ ಮೇಲೆಲ್ಲ ನೀರು, ಅಲೆ ಬಂಡೆಗಳಿಗೆ ಬಡಿಯುತ್ತಿತ್ತು. ಬಾಲಮ್ಮ ದೋಣಿ ನಿಲ್ಲುವ ಮೊದಲೇ ಮೊಣಕಾಲುದ್ದ ನೀರಿಗೆ ಇಳಿದು, ಕಂಬಳಿ ಹರವಿದ್ದು ಇಲ್ಲೋ ಅಲ್ಲೋ ಎಂದು ಎರಡೂ ಕೈಯಿಂದ ತಡಕಾಡತೊಡಗಿದಳು. ಗ್ರಾಸಿಂದಾಳಿಗೆ ಸಂಗತಿ ತಿಳಿದಾಗ ಆಕೆ ಹಣೆ ಬಡಿದುಕೊಂಡಳು. ದಿನಕ್ಕೆ ಎರಡು ಬಾರಿ ಹೋಗಿ ಎರಡು ಬಾರಿ ಬರುವ ನೀರು ಅದು. ಅಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಗೊತ್ತಿಲ್ಲದವರು ಜಗತ್ತಿನಲ್ಲಿ ಇದ್ದಾರೆಂಬುದು ಅವಳಿಗೆ ಗೊತ್ತಿರಲಿಲ್ಲ.

ಗ್ರಾಸಿಂದಾಳ ಗಂಡ ದೋಣಿ ತಿರುಗಿಸಿಕೊಂಡು ಹುಡುಕಲು ಹೋದ. ಬಲೆಯ ಮುದುಕ ಇನ್ನಿಬ್ಬರನ್ನು ಕರೆದುಕೊಂಡು ಬಂಡೆಗಳ ಸಂದಿ ಸಂದಿ ನೋಡಿದ. ಕತ್ತಲಾದರೂ ಏನೂ ಸಿಗಲಿಲ್ಲ. ಬಾಲಮ್ಮ ಬಂಡೆಯ ಮೇಲೆ ಕುಳಿತು ಮುಚ್ಚುಮರೆಯಿಲ್ಲದೆ ಅತ್ತಳು. ಗಂಡನ ಕೈ ಇನ್ನೊಮ್ಮೆ ಬಿದ್ದುಹೋಯಿತು, ಈ ಸಲ ಬೀಳಿಸಿದವಳು ತಾನು ಎಂದು ಅತ್ತಳು. ಅಳು ನಿಂತ ಮೇಲೂ ಕಡಲನ್ನೇ ನೋಡುತ್ತಿದ್ದಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಯಾರಪ್ಪಣೆಯೂ ಇಲ್ಲದೆ ಹೋಗಿ, ಯಾರಪ್ಪಣೆಯೂ ಇಲ್ಲದೆ ಬರುವ ನೀರನ್ನು ಆಕೆ ಮೊದಲ ಸಲ ನೋಡುತ್ತಿದ್ದಳು.

ಮರುದಿನ ನಸುಕಿನಲ್ಲಿ ನೀರು ಮತ್ತೆ ಇಳಿದಾಗ ಹೋಗಿ ನೋಡಿದರು. ವರತೆ ಹಾಗೆಯೇ ಉಕ್ಕುತ್ತಿತ್ತು. ಅದರ ಪಕ್ಕ ನಾಲ್ಕು ಕಲ್ಲುಗಳು ಇಟ್ಟಲ್ಲೇ ಇದ್ದವು.

ಊರಿಗೆ ಬಂದಾಗ ಬೀರಣ್ಣ ಕಟ್ಟೆಯ ಮೇಲೆ ಕಾದು ಕುಳಿತಿದ್ದ. ದಾರಿಯುದ್ದಕ್ಕೂ ಸರ್ವರಬೇಗಂ, ವಿಮಾನದವರು ಕಳೆದರು ಅಂತ ಹೇಳಿಬಿಡು ಎಂದು ಬೋಧನೆ ಮಾಡಿದ್ದಳು. ಬಾಲಮ್ಮ ಕಾಲು ತೊಳೆಯುವ ಮೊದಲೇ ನಿಜ ಹೇಳಿದಳು. ವರತೆ, ಉಸುಕು, ಗೇಟು ಇಳಿಸ್ಯಾರ ಅಂದುಕೊಂಡದ್ದು, ಒಂದನ್ನೂ ಬಿಡಲಿಲ್ಲ. ಬೀರಣ್ಣ ಕೊನೆಯವರೆಗೂ ಕೇಳಿದ. ಆಮೇಲೆ ಕೋಲೂರಿಕೊಂಡು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ, ದೀಪಾವಳಿ ಬಂದರೂ ಅವಳೊಡನೆ ಬಾಯಿ ಬಿಡಲಿಲ್ಲ.

ಸುರಪುರದ ಅಂಗಡಿಯಲ್ಲಿ ಮಿಲ್ಲಿನ ಕಂಬಳಿ ಸಿಗುತ್ತದೆ, ಒಂದು ತಂದರಾಯಿತು ಎಂದು ಮಲ್ಕಪ್ಪ ಹೇಳಿದ. ಬಾಲಮ್ಮ ಒಪ್ಪಲಿಲ್ಲ. ದೀಪಾವಳಿಗೆ ಅವನ ಕರಿ ಕುರಿಗಳ ಉಣ್ಣೆ ಕತ್ತರಿಸಿದಾಗ ಹೋಗಿ ಕೇಳಿ ತಂದಳು. ನೂತಳು, ಗಂಜಿ ಹಚ್ಚಿದಳು, ಮಗ್ಗಕ್ಕೆ ಹಾಸಿನ ಎಳೆ ಹೂಡಿದಳು. ಅಲ್ಲಿಯವರೆಗೆ ಯಾರೂ ಏನೂ ಅನ್ನಲಿಲ್ಲ. ಕುಣಿಯೊಳಗಿನ ಕೋಳಿಯನ್ನು ಓಡಿಸಿ, ಗುಡಿಸಿ, ಆಕೆ ಕಾಲು ಇಳಿಬಿಟ್ಟಾಗ ಮಲ್ಕಪ್ಪ ಬಾಗಿಲಲ್ಲಿ ಬಂದು ನಿಂತ.

“ಬಾಲಮ್ಮಾ, ಮ್ಯಾಲ ಬಾ. ನಮ್ಮ ಮನಿತನದಾಗ ಹೆಣಮಗಳು ಕುಣಿಯಾಗ ಇಳದದ್ದು ಇಲ್ಲ.”

“ನೀವು ಕುಂದ್ರತೀರೇನ್ರಿ ಭಾವಾರ? ಮತ್ಯಾರು ಕುಂದ್ರತಾರ ಹೇಳ್ರಿ. ಯಾರರ ಬಂದ್ರ ಈಗ ಏಳತೀನಿ.”

ಮಲ್ಕಪ್ಪ ಕುರಿಯವನೇ ಹೊರತು ನೇಕಾರನಲ್ಲ. ಓಣಿಯ ಉಳಿದ ಗಂಡಸರು ಲಾಳಿ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅವನು ಗೊಣಗುತ್ತ ಹೊರಟುಹೋದ.

ಬಾಲಮ್ಮ ಮದುವೆಯಾದಾಗಿನಿಂದ ಮಗ್ಗ ನೋಡಿದ್ದಳು. ನೋಡುವುದು ಬೇರೆ, ನೇಯುವುದು ಬೇರೆ ಎಂಬುದು ಮೊದಲ ಗೇಣಿನಲ್ಲೇ ತಿಳಿಯಿತು. ಕೈ ಹೋದ ಕಡೆ ಕಾಲು ಹೋಗಲಿಲ್ಲ. ಲಾಳಿ ಕೆಳಗೆ ಬಿತ್ತು, ಎಳೆ ಹರಿಯಿತು. ಮಗ್ಗದ ಸದ್ದು ಕುಂಟುತ್ತ ಮನೆಯೆಲ್ಲ ಕೇಳುತ್ತಿತ್ತು. ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ ಬೀರಣ್ಣನಿಗೆ ಅದು ಹಲ್ಲಿನಲ್ಲಿ ಕಲ್ಲು ಸಿಕ್ಕಂತಾಯಿತು. ಎರಡು ದಿನ ತಡೆದ. ಮೂರನೆಯ ದಿನ ಒಳಗಿನಿಂದಲೇ ಗದರಿದ.

“ಕಾಲು ಮೊದಲು ತುಳಿ. ಆಮ್ಯಾಲ ಲಾಳಿ. ಕಿವಿ ಇಲ್ಲೇನು ನಿನಗ?”

ತಿಂಗಳುಗಳ ಮೇಲೆ ಗಂಡ ತನ್ನೊಡನೆ ಆಡಿದ ಮೊದಲ ಮಾತು ಅದು. ಬಾಲಮ್ಮ ಮತ್ತೆ ತಪ್ಪಾಗಿಯೇ ತುಳಿದಳು. ಬೇಕೆಂದೇ ತುಳಿದಳೋ ಏನೋ, ಆಕೆ ಇವತ್ತಿಗೂ ಹೇಳಿಲ್ಲ. ಬೀರಣ್ಣ ಕೋಲೂರಿಕೊಂಡು, ಕಾಲೆಳೆದುಕೊಂಡು, ಎಷ್ಟೋ ತಿಂಗಳ ನಂತರ ಮಗ್ಗದ ಕೋಣೆಗೆ ಬಂದ. ಕುಣಿಯ ಪಕ್ಕ ಕುಳಿತು ಎಡಗೈಯಿಂದ ನೂಲಿನ ಬಿಗಿ ನೋಡಿದ.

ಅಲ್ಲಿಂದ ಮುಂದೆ ದಿನವೂ ಬಂದ. ಬೈದ, ತಿದ್ದಿದ, ಹರಿದ ಎಳೆಯ ಒಂದು ತುದಿಯನ್ನು ತಾನು ಹಿಡಿದು ಇನ್ನೊಂದನ್ನು ಅವಳಿಂದ ಗಂಟು ಹಾಕಿಸಿದ. ಕಂಬಳಿ ಅರ್ಧಕ್ಕೆ ಬಂದ ಒಂದು ಮಧ್ಯಾಹ್ನ, ಮುಖ ಎತ್ತದೆ ಕೇಳಿದ.

“ಹೆಂಗಿತ್ತು ಅದು? ಸಮುದ್ರ?”

ಬಾಲಮ್ಮ ಲಾಳಿ ನಿಲ್ಲಿಸಲಿಲ್ಲ. ಅರಿಸಿನ ಬಣ್ಣದ ಗೋಡೆಯಿಂದ ಶುರು ಮಾಡಿದಳು. ಕೊಕ್ಕರೆ ಹೇಳಿದಳು, ಗುಲಾಬಿ ಹಕ್ಕಿ ಹೇಳಿದಳು, ಭೂಮಿ ಮುಗಿಯುವ ಮೂಲೆಯ ಗಾಳಿ ಹೇಳಿದಳು, ಗುಹೆಯೊಳಗೆ ಇಳಿದ ಬಿಸಿಲು ಹೇಳಿದಳು. ಅವನು ಮತ್ತೆ ಮತ್ತೆ ಕೇಳಿದ್ದು ನೀರು ತಿರುಗಿ ಬರುವುದರ ಬಗ್ಗೆ. ದಿನಾ ಬರುತ್ತದೋ? ಯಾರೂ ಬಿಡದೆ ಬರುತ್ತದೋ? ಬರುತ್ತದೆ ಎಂದು ಆಕೆ ಎಷ್ಟು ಸಲ ಹೇಳಿದರೂ ಅವನಿಗೆ ಸಾಲಲಿಲ್ಲ. ಅಂಥ ದಿನಗಳಲ್ಲಿ ಅವಳ ಕೈ ಮಾತಿನ ಕಡೆ ಹೋಗಿ ಅಂಚು ಸ್ವಲ್ಪ ಒಳಗೆ ಸರಿಯುತ್ತಿತ್ತು, ಬೀರಣ್ಣನೂ ಬೈಯುವುದನ್ನು ಮರೆಯುತ್ತಿದ್ದ.

ಮಾಘದಲ್ಲಿ ಮದುವೆಯ ದಿನ ರೇಣಮ್ಮ ಮತ್ತು ಅವಳ ಗಂಡ ಕುಳಿತದ್ದು ಆ ಕಂಬಳಿಯ ಮೇಲೆ. ಗಂಡಿನ ಕಡೆಯ ಹಿರಿಯನೊಬ್ಬ, ಹಳೆಯ ನೇಕಾರ, ಬಗ್ಗಿ ಕಂಬಳಿಯ ಅಂಚಿನ ಮೇಲೆ ಬೆರಳು ಎಳೆದ. ಬೀರಣ್ಣನ ನೇಯ್ಗೆಯ ಹೆಸರು ಕೇಳಿ ಬಂದವನು ಆತ. ಬೆರಳು ಎರಡು ಮೂರು ಕಡೆ ಒಳಗೆ ಹೊರಗೆ ಹೋಯಿತು. ಹಿರಿಯ ತಲೆಯೆತ್ತಿ ಬೀರಣ್ಣನ ಮುಖ ನೋಡಿದ. ಮಲ್ಕಪ್ಪ ಗಡಿಬಿಡಿಯಿಂದ, ತಮ್ಮನಿಗೆ ಮೈಯಲ್ಲಿ ಆರಾಮಿಲ್ಲದಾಗ ನೇಯ್ದದ್ದು ಎಂದು ಬಾಯಿ ಹಾಕಿದ. ಬಾಲಮ್ಮ ಹೆಂಗಸರ ನಡುವೆ ತಲೆ ತಗ್ಗಿಸಿ ನಿಂತಳು.

“ನಂದಲ್ರಿ ಅದು,” ಎಂದ ಬೀರಣ್ಣ. ಅವನ ಮಾತು ಲಕ್ವಾದಿಂದ ತೊದಲುತ್ತಿದ್ದರೂ ಎಲ್ಲರಿಗೂ ಕೇಳಿಸಿತು. “ಅಂಚು ವಾಕಡಿ ಅದ, ನನಗೂ ಗೊತ್ತದ. ನಮ್ಮ ಮನಿಯಾಕಿ ನೇಯ್ದಾಳ.”

ಹಿರಿಯ ಇನ್ನೊಮ್ಮೆ ಬಗ್ಗಿ ಅಂಚು ಮುಟ್ಟಿದ. ಆಮೇಲೆ ಅಕ್ಷತೆ ತರಲು ತಾನೇ ಹೇಳಿದ.